ಆಟದಲ್ಲಿ ಪೆಟ್ಟಾದಾಗ ಏನು ತಿನ್ನಬೇಕು? ಊಟ, ಪಥ್ಯ, ಪೌಡರ್, ಮಾತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಡಗಿನ ಪೊನ್ನಂಪೇಟೆ ಕಡೆಯವಳು. ಶಾಲೆಯಲ್ಲಿ, ಕಾಲೇಜಿನಲ್ಲಿ ಹಾಕಿ ಆಡಿದ್ದೇನೆ. ಮೊಣಕಾಲಿನ ಲಿಗಮೆಂಟ್ (ಮೂಳೆ-ಮೂಳೆ ಜೋಡಿಸುವ ನಾರು) ಹರಿದುಕೊಂಡು ಒಂದು ವರ್ಷ ಮನೆಯಲ್ಲಿ ಕೂತಿದ್ದೇನೆ. ಆಮೇಲೆ ಆಹಾರ ಶಾಸ್ತ್ರ ಓದಿ, ಈಗ ಆಟಗಾರರ ಊಟ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಏಪ್ರಿಲ್-ಮೇ ಬಂದರೆ ಮನೆತನಗಳೇ ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿ, ಮಳೆ ಬಂದರೆ ಕೆಸರುಗದ್ದೆ ಆಟ, ಉಳಿದ ದಿನ ಫುಟ್‌ಬಾಲ್, ಕ್ರಿಕೆಟ್, ವಾಲಿಬಾಲ್. ಪೆಟ್ಟು ಇದ್ದೇ ಇರುತ್ತದೆ. ಪೆಟ್ಟಾದವರು, ಅವರ ಮನೆಯವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇದು ಡಾಕ್ಟರ್ ಮತ್ತು ಫಿಸಿಯೋ ಹೇಳಿದ್ದರ ಜೊತೆಗೆ ಓದಬೇಕಾದದ್ದು, ಅದರ ಬದಲಿಗೆ ಅಲ್ಲ.

ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ. ಓಡಾಟವೇ ಇಲ್ಲ. ಊಟ ಕಡಿಮೆ ಮಾಡಬೇಕಲ್ವಾ?

ಇಲ್ಲ. ನಾನು ನೋಡಿದ ತಪ್ಪುಗಳಲ್ಲಿ ಇದೇ ದೊಡ್ಡದು. ಇದೇ ತಪ್ಪನ್ನು ನಾನೂ ಮಾಡಿದ್ದೆ.

ಆಪರೇಷನ್ ಆದ ಮೇಲೆ ದಪ್ಪ ಆಗಿಬಿಡುತ್ತೇನೆ ಅಂತ ಹೆದರಿ ರಾತ್ರಿ ಊಟ ಬಿಟ್ಟೆ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಒಂದಿಷ್ಟು ಅನ್ನ-ಸಾರು, ಅಷ್ಟೇ. ಎರಡು ತಿಂಗಳಲ್ಲಿ ತೂಕ ಇಳಿಯಿತು ನಿಜ. ಇಳಿದದ್ದು ಕೊಬ್ಬಲ್ಲ, ತೊಡೆಯ ಮಾಂಸಖಂಡ. ಎರಡು ತೊಡೆಗೂ ಟೇಪು ಸುತ್ತಿ ಅಳೆದು ನೋಡಿದ ಫಿಸಿಯೋ ಮೊದಲು ಕೇಳಿದ್ದೇ 'ಏನು ತಿಂತಿದ್ದೀಯಮ್ಮ?' ಅಂತ.

ಒಳಗೆ ಏನು ನಡೆಯುತ್ತದೆ ನೋಡಿ. ಆರೋಗ್ಯವಂತ ಯುವಕರ ಒಂದು ಕಾಲಿಗೆ ಬರೀ 5 ದಿನ ಪ್ಲಾಸ್ಟರ್ ಹಾಕಿ ಪರೀಕ್ಷೆ ಮಾಡಿದ್ದಾರೆ. ಅಷ್ಟರಲ್ಲೇ ತೊಡೆಯ ಮಾಂಸಖಂಡ ಸುಮಾರು 3.5% ಕರಗಿತ್ತು, ಶಕ್ತಿ ಸುಮಾರು 9% ಇಳಿದಿತ್ತು. 14 ದಿನಕ್ಕೆ ಶಕ್ತಿ 23% ಹೋಗಿತ್ತು. ಇವರಿಗೆ ಪೆಟ್ಟೇ ಆಗಿರಲಿಲ್ಲ. ಸುಮ್ನೆ ಕಾಲು ಅಲ್ಲಾಡಿಸದೆ ಇದ್ದದ್ದಕ್ಕೇ ಇಷ್ಟು. ಇದರ ಮೇಲೆ ಪೆಟ್ಟು, ಊತ, ಆಪರೇಷನ್ ಸೇರಿದರೆ, ಹೊಸ ಚರ್ಮ, ನಾರು, ಮೂಳೆ ಕಟ್ಟಲು ದೇಹಕ್ಕೆ ಜಾಸ್ತಿ ಸಾಮಾನು ಬೇಕು. ಊರುಗೋಲು ಹಿಡಿದು ನಡೆಯುವುದಂತೂ ಮಾಮೂಲಿ ನಡಿಗೆಗಿಂತ ಹೆಚ್ಚು ಶಕ್ತಿ ತಿನ್ನುತ್ತದೆ. ನಮ್ಮ ಏರು-ತಗ್ಗಿನ ಮನೆಯಂಗಳದಲ್ಲಿ ಇನ್ನೂ ಜಾಸ್ತಿ.

ದಿನಾ ಎರಡು ಗಂಟೆ ಓಡುತ್ತಿದ್ದವರು ಅಷ್ಟೇ ಅನ್ನ ತಿನ್ನಬೇಕಾಗಿಲ್ಲ. ಒಂದು ಸೌಟು ಅನ್ನ ಕಡಿಮೆ ಮಾಡಿ. ಬೇಕರಿ ತಿಂಡಿ, ಸಕ್ಕರೆ ನೀರು ಬಿಡಿ. ಮೊಟ್ಟೆ, ಮೀನು, ಮಾಂಸ, ಬೇಳೆ, ಹಾಲು, ಮೊಸರನ್ನು ಮಾತ್ರ ಕಡಿಮೆ ಮಾಡಬೇಡಿ.

ತೂಕ ಇಳಿಸುವ ಕ್ಯಾಪ್ಸೂಲ್ ತಗೊಂಡರೆ?

ಬೇಡವೇ ಬೇಡ. ಅಂಗಡಿಯಲ್ಲಿ 'ಗಾರ್ಸಿನಿಯಾ' ಹೆಸರಿನ ಕ್ಯಾಪ್ಸೂಲ್ ಸಿಗುತ್ತದೆ. ಅದು ನಮ್ಮ ಅಡುಗೆಯ ಕಪ್ಪು ಹುಳಿ ಕಚ್ಚಂಪುಳಿ ಮಾಡುವ ಹಣ್ಣಿನದೇ ಸಾರ. ಪಂದಿ ಕರಿಗೆ (ಹಂದಿಮಾಂಸದ ಅಡುಗೆ) ಒಂದೆರಡು ಚಮಚ ಕಚ್ಚಂಪುಳಿ ಹಾಕುವುದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದದ್ದು. ಅದೇ ಹಣ್ಣಿನ ಸಾರವನ್ನು ಗಟ್ಟಿ ಮಾಡಿ ಮಾತ್ರೆ ರೂಪದಲ್ಲಿ ದಿನಾ ನುಂಗಿದವರಲ್ಲಿ ಲಿವರ್ ಕೆಟ್ಟ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಗಾಯ ಮಾಯುವ ಹೊತ್ತಿಗೆ ಇಂಥದ್ದು ಬೇಕಾ?

ದಿನಕ್ಕೆ ಎಷ್ಟು ಪ್ರೋಟೀನ್ ಬೇಕು? ಗ್ರಾಂ ಲೆಕ್ಕ ನನಗೆ ತಿಳಿಯುವುದಿಲ್ಲ.

ಪೆಟ್ಟಾದ ಆಟಗಾರರಿಗೆ ಒಂದು ಕಿಲೋ ತೂಕಕ್ಕೆ ಸುಮಾರು 1.6ರಿಂದ 2 ಗ್ರಾಂ. ನಿಮ್ಮ ತೂಕ 60 ಕಿಲೋ ಇದ್ದರೆ ದಿನಕ್ಕೆ 96ರಿಂದ 120 ಗ್ರಾಂ. ಅದನ್ನು ಒಂದೇ ಊಟಕ್ಕೆ ತುಂಬಬೇಡಿ. ನಾಲ್ಕು ಸಲ, ಪ್ರತಿ ಸಲ 25-30 ಗ್ರಾಂ ಬರುವ ಹಾಗೆ ಹಂಚಿ.

ಈಗ ಅಡುಗೆಮನೆ ಲೆಕ್ಕಕ್ಕೆ ಬರೋಣ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಬೆಂದ ಕೋಳಿ ಅಥವಾ ಕೊಬ್ಬು ತೆಗೆದ ಹಂದಿಮಾಂಸ 100 ಗ್ರಾಂ ಇದ್ದರೆ 25 ಗ್ರಾಂ ಮೇಲೆ. ಮತ್ತಿ (ಬೂತಾಯಿ) ಮೀನು 100 ಗ್ರಾಂಗೆ 20 ಗ್ರಾಂ ಮೇಲೆ. ಒಂದು ಲೋಟ ಹಾಲಿನಲ್ಲಿ 6-7 ಗ್ರಾಂ, ಒಂದು ಬಟ್ಟಲು ಗಟ್ಟಿ ಬೇಳೆಯಲ್ಲೂ ಅಷ್ಟೇ. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7 ಗ್ರಾಂ.

ನಮ್ಮಲ್ಲಿ ತೊಂದರೆ ಇರುವುದು ಬೆಳಗಿನ ತಿಂಡಿಯಲ್ಲಿ. ಅಕ್ಕಿ ಒಟ್ಟಿ (ರೊಟ್ಟಿ), ನೂಪುಟ್ಟು (ಒತ್ತು ಶ್ಯಾವಿಗೆ), ಕಡಂಬುಟ್ಟು (ಅಕ್ಕಿ ಉಂಡೆ) ಎಲ್ಲವೂ ಅಕ್ಕಿ. ಜೊತೆಗೆ ಚಟ್ನಿ, ಜೇನು, ಬೆಲ್ಲ. ಪ್ರೋಟೀನ್ ಹೆಸರಿಗೆ ಮಾತ್ರ. ಮಧ್ಯಾಹ್ನವೂ ಸಾರು-ಪಲ್ಯ. ರಾತ್ರಿ ಮಾಂಸ ಇದ್ದರೆ ಒಂದೇ ಸಲಕ್ಕೆ ಅರ್ಧ ಕಿಲೋ. ಹೀಗೆ ತಿಂದರೆ ಮಾಂಸಖಂಡಕ್ಕೆ ಹಗಲೆಲ್ಲ ಉಪವಾಸ. ಒಟ್ಟಿ ಬಿಡಬೇಡಿ, ಪಕ್ಕದಲ್ಲಿ ಮೂರು ಮೊಟ್ಟೆ ಇಡಿ, ಒಂದು ಲೋಟ ಹಾಲು ಕುಡಿಯಿರಿ. ನೂಪುಟ್ಟಿಗೆ ಕೋಳಿ ಕರಿ ಬರೀ ಹಬ್ಬಕ್ಕೆ ಅಂತ ಇಡಬೇಡಿ. ಪೆಟ್ಟಾದ ಮಗುವಿಗೆ ಸೋಮವಾರವೂ ಮಾಡಿಕೊಡಿ.

ಗಾಯ ಇದ್ದಾಗ ಹಂದಿ, ಮೀನು, ಮೊಟ್ಟೆ, ಬದನೆಕಾಯಿ ನಂಜು ಅಂತಾರೆ. ಕೊಡಬಹುದಾ?

ಈ ಪ್ರಶ್ನೆ ಬಾರದ ವಾರವೇ ಇಲ್ಲ. ಹೆಚ್ಚಾಗಿ ಅಜ್ಜಿಯರು ಕೇಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗುವಿನ ಗಾಯ ಕೀವಾಗಬಾರದು ಅನ್ನುವ ಕಾಳಜಿಯಿಂದ ಹೇಳುವ ಮಾತು ಅದು.

ಆದರೆ ಪಥ್ಯದ ಹೆಸರಲ್ಲಿ ತಟ್ಟೆಯಿಂದ ಹೋಗುವುದು ಏನು ನೋಡಿ: ಮೊಟ್ಟೆ, ಮೀನು, ಮಾಂಸ, ಕೆಲವು ಮನೆಗಳಲ್ಲಿ ಮೊಸರು ಕೂಡ. ಉಳಿಯುವುದು ಗಂಜಿ, ಉಪ್ಪಿನಕಾಯಿ. ಗಾಯ ಮುಚ್ಚಲು ಬೇಕಾದ ಪ್ರೋಟೀನ್, ಸತು, ಕಬ್ಬಿಣ, ಬಿ12 ಎಲ್ಲ ಬಾಗಿಲಾಚೆ ಹೋಯಿತು. ಗಾಯ ಮಾಯುವುದು ತಡವಾಗುತ್ತದೆ. ತಡವಾಯಿತು ಅಂತ ಪಥ್ಯ ಇನ್ನೂ ಬಿಗಿ ಮಾಡುತ್ತಾರೆ.

ಮೀನು ತಿಂದದ್ದಕ್ಕೆ ಗಾಯ ಕೀವಾಗುವುದಿಲ್ಲ. ಗಾಯದೊಳಗೆ ರೋಗಾಣು ಸೇರಿದರೆ ಕೀವಾಗುತ್ತದೆ. ಹಾಗಾದರೆ ಹಿರಿಯರು ಸುಳ್ಳು ಹೇಳಿದರಾ? ನನಗೆ ಹಾಗನ್ನಿಸುವುದಿಲ್ಲ. ಹಿಂದೆ ಕಣ್ಣೂರು, ಮಂಗಳೂರು ಕಡೆಯಿಂದ ಮೀನು ಘಟ್ಟ ಹತ್ತಿ ಬರುವಾಗ ಐಸ್ ಸರಿಯಾಗಿ ಇರುತ್ತಿರಲಿಲ್ಲ. ಮತ್ತಿ, ಬಂಗುಡೆಯಂಥ ಮೀನು ಹಳತಾದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಅದು ಮೈ ತುರಿಕೆ, ಕೆಂಪು ಗಂದೆ ತರುತ್ತದೆ. ಬದನೆಕಾಯಿ ಕೆಲವರಿಗೆ ನಿಜವಾಗಿ ಅಲರ್ಜಿ. ತುರಿಸುವ ಮೈ, ಹುಣ್ಣಾದ ಗಾಯ, ಎರಡನ್ನೂ ಸೇರಿಸಿ 'ನಂಜು' ಅಂದಿರಬಹುದು ಅಂತ ನನ್ನ ಊಹೆ.

ಹಾಗಾಗಿ ನನ್ನ ಉತ್ತರ ಇಷ್ಟು: ಮೊದಲಿನಿಂದಲೂ ನಿಮಗೆ ಒಗ್ಗದ ಪದಾರ್ಥ ಬಿಡಿ. ಮೀನು ತಾಜಾ ಇರಲಿ. ಹಂದಿಮಾಂಸದ ಕೊಬ್ಬಿನ ತುಂಡು ಬದಿಗಿಟ್ಟು ಮಾಂಸದ ತುಂಡು ಕೊಡಿ. ಚೆನ್ನಾಗಿ ಬೇಯಿಸಿ. ಉಳಿದದ್ದಕ್ಕೆ ಹೆದರಬೇಡಿ. ಅಜ್ಜಿ ಒಪ್ಪದಿದ್ದರೆ ಜಗಳ ಆಡಬೇಡಿ. ಅವರು ಒಪ್ಪುವ ಕೋಳಿ ಸಾರು, ಹಾಲು, ಹೆಸರುಕಾಳಿನಿಂದ ಶುರು ಮಾಡಿ.

ನಾಟಿ ಪಂಡಿತರು ಮೊಟ್ಟೆಯ ಬಿಳಿ ಹಚ್ಚಿ ಕಟ್ಟು ಕಟ್ಟಿದ್ದಾರೆ. ಸಾಕಲ್ವಾ?

ಮೊದಲು ಎಕ್ಸ್-ರೇ ಮಾಡಿಸಿ. ಉಳುಕು ಅಂದುಕೊಂಡದ್ದು ಬಿರುಕಾಗಿರಬಹುದು. ಕಟ್ಟು ಬಿಗಿಯಾಗಿ ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ನೀಲಿ ತಿರುಗಿದರೆ ಆ ಕ್ಷಣವೇ ಬಿಚ್ಚಿಸಿ ಆಸ್ಪತ್ರೆಗೆ ಹೋಗಿ. ಹಚ್ಚಿದ ಮೊಟ್ಟೆಯ ಪ್ರೋಟೀನ್ ಚರ್ಮ ದಾಟಿ ಮೂಳೆಗೆ ಹೋಗುವುದಿಲ್ಲ. ಅದನ್ನು ತಿನ್ನಬೇಕು.

ನಾವು ಮಾಂಸ ತಿನ್ನುವವರಲ್ಲ. ಮೊಟ್ಟೆಯೂ ಇಲ್ಲ.

ಸಾಧ್ಯ, ಆದರೆ ಯೋಚಿಸಿ ತಿನ್ನಬೇಕು. ಸೋಯಾ ಚಂಕ್ಸ್ ಒಣಗಿದ್ದು 30 ಗ್ರಾಂ ತಗೊಂಡರೆ 15 ಗ್ರಾಂ ಪ್ರೋಟೀನ್. ಪನೀರ್ 100 ಗ್ರಾಂಗೆ ಸುಮಾರು 18. ಹುರುಳಿಕಾಳು 100 ಗ್ರಾಂಗೆ 22, ಆದರೆ ಹುರುಳಿ ಸಾರಿನ ತಿಳಿ ಮಾತ್ರ ಕುಡಿದು ಕಾಳನ್ನು ಬಿಟ್ಟರೆ ಪ್ರಯೋಜನ ಇಲ್ಲ. ಮೊಳಕೆ ಕಟ್ಟಿ ಉಸ್ಲಿ ಮಾಡಿ, ಕಾಳನ್ನೇ ತಿನ್ನಿ. ಅನ್ನದ ಜೊತೆ ಬೇಳೆ-ಕಾಳು ಸೇರಿದರೆ ಒಂದರ ಕೊರತೆ ಇನ್ನೊಂದು ತುಂಬುತ್ತದೆ. ಬಿ12 ಒಮ್ಮೆ ಪರೀಕ್ಷೆ ಮಾಡಿಸಿ. ಪ್ರೋಟೀನ್ ಪೌಡರ್ ನಿಜವಾಗಿ ಸಹಾಯಕ್ಕೆ ಬರುವುದು ಹೆಚ್ಚಾಗಿ ನಿಮ್ಮಂಥವರಿಗೇ.

ವೇ ಪ್ರೋಟೀನ್ ಪೌಡರ್ ಬೇಕೇ ಬೇಕಾ?

ಬೇಕೇ ಬೇಕು ಅಂತಿಲ್ಲ. ಅದು ಹಾಲಿನಿಂದ ಚೀಸ್ ಮಾಡುವಾಗ ಉಳಿಯುವ ತಿಳಿನೀರನ್ನು ಒಣಗಿಸಿದ್ದು, ಔಷಧಿ ಅಲ್ಲ. ಒಂದು ಸ್ಕೂಪ್‌ನಲ್ಲಿ ಸಾಮಾನ್ಯವಾಗಿ 20-25 ಗ್ರಾಂ ಪ್ರೋಟೀನ್, ಅಂದರೆ ನಾಲ್ಕು ಮೊಟ್ಟೆಯಷ್ಟು. ಹಸಿವೇ ಇಲ್ಲದ ಆಪರೇಷನ್ ನಂತರದ ಮೊದಲ ವಾರ, ಹಾಸ್ಟೆಲ್ ಊಟದಲ್ಲಿ ಪ್ರೋಟೀನ್ ಸಾಲದಾಗ, ತೋಟದ ಕೆಲಸದ ಮಧ್ಯೆ ಬೇಯಿಸಲು ಪುರುಸೊತ್ತಿಲ್ಲದಾಗ ಅದು ಅನುಕೂಲ. ಮೂತ್ರಪಿಂಡದ ಕಾಯಿಲೆ ಇರುವವರು ಡಾಕ್ಟರ್ ಕೇಳದೆ ಮುಟ್ಟಬೇಡಿ. ಆರೋಗ್ಯವಂತರ ಕಿಡ್ನಿಗೆ ಹದವಾದ ಪ್ರೋಟೀನ್‌ನಿಂದ ಹಾನಿ ಆಗುವುದು ಕಂಡುಬಂದಿಲ್ಲ.

ಆಡಿನ ಕಾಲು ಸೂಪ್ ಕುಡಿದರೆ ಮೂಳೆ, ಲಿಗಮೆಂಟ್ ಕೂಡುತ್ತದಾ? ಕೊಲಾಜೆನ್ ಪೌಡರ್ ಹೇಗೆ?

ಕಾಲು ಸೂಪಿನಲ್ಲಿ ಜನ ತಿಳಿದಷ್ಟು ಕ್ಯಾಲ್ಸಿಯಂ ಇಲ್ಲ. ಮೂಳೆ ಎಷ್ಟು ಕುದಿಸಿದರೂ ಕ್ಯಾಲ್ಸಿಯಂ ಬಿಡುವುದು ಬಹಳ ಕಡಿಮೆ. ಆದರೆ ತಣಿದ ಮೇಲೆ ಸೂಪು ಹಲ್ವದ ಹಾಗೆ ಗಟ್ಟಿಯಾಗುತ್ತದಲ್ಲ, ಆ ಅಂಟು ಜೆಲಟಿನ್. ನಮ್ಮ ಲಿಗಮೆಂಟ್, ಸ್ನಾಯುರಜ್ಜು ಕಟ್ಟಿರುವುದು ಕೊಲಾಜೆನ್‌ನಿಂದ. ಕೊಲಾಜೆನ್ ಬೇಯಿಸಿದರೆ ಬರುವುದೇ ಜೆಲಟಿನ್.

2017ರಲ್ಲಿ ಒಂದು ಸಣ್ಣ ಅಧ್ಯಯನ ಬಂತು. 8 ಯುವಕರಿಗೆ ವಿಟಮಿನ್ ಸಿ ಸೇರಿಸಿದ 15 ಗ್ರಾಂ ಜೆಲಟಿನ್ ಕೊಟ್ಟು, ಒಂದು ಗಂಟೆ ಬಿಟ್ಟು 6 ನಿಮಿಷ ಹಗ್ಗದಾಟ ಆಡಿಸಿದರು. ಹೊಸ ಕೊಲಾಜೆನ್ ತಯಾರಾಗುತ್ತಿದೆ ಎಂದು ತೋರಿಸುವ ರಕ್ತದ ಗುರುತು ಎರಡು ಪಟ್ಟಾಯಿತು. ಎಂಟೇ ಜನ, ಅವರಿಗೆ ಪೆಟ್ಟೂ ಆಗಿರಲಿಲ್ಲ. ಆದ್ದರಿಂದ ಇದನ್ನು ನಂಬಿ ಸಾವಿರಾರು ರೂಪಾಯಿ ಸುರಿಯಿರಿ ಅಂತ ಹೇಳಲಾರೆ. ಆದರೆ ಇದರಲ್ಲಿ ನನಗೆ ಹಿಡಿಸಿದ್ದು ಹೊತ್ತಿನ ವಿಚಾರ. ಲಿಗಮೆಂಟಿಗೆ ರಕ್ತದ ಓಡಾಟ ಕಡಿಮೆ. ವ್ಯಾಯಾಮ ಮಾಡುವಾಗ ಅದು ಹಿಂಡಿದ ಸ್ಪಂಜಿನ ಹಾಗೆ ಹೊಸ ದ್ರವ ಹೀರಿಕೊಳ್ಳುತ್ತದೆ. ಹಾಗಾಗಿ ಫಿಸಿಯೋ ವ್ಯಾಯಾಮಕ್ಕೆ ಒಂದು ಗಂಟೆ ಮುಂಚೆ ಗಟ್ಟಿ ಕಾಲು ಸೂಪು ಕುಡಿದು, ಒಂದು ಕಿತ್ತಳೆ ತಿನ್ನಿ. ನಮ್ಮ ಕೊಡಗಿನ ಕಿತ್ತಳೆ ಸಿಗುವ ಕಾಲವಲ್ಲದಿದ್ದರೆ ಪೇರಳೆ, ನೆಲ್ಲಿಕಾಯಿ. ಇವೆರಡರಲ್ಲೂ ಕಿತ್ತಳೆಗಿಂತ ಎಷ್ಟೋ ಪಟ್ಟು ವಿಟಮಿನ್ ಸಿ ಇದೆ. ಖರ್ಚು ಕಡಿಮೆ, ಹಾನಿ ಇಲ್ಲ.

ಒಂದು ಎಚ್ಚರಿಕೆ: ಜೆಲಟಿನ್ ಮಾಂಸಖಂಡ ಕಟ್ಟಲು ಸಾಲದು. ದಿನದ ಪ್ರೋಟೀನ್ ಲೆಕ್ಕಕ್ಕೆ ಸೂಪನ್ನು ಸೇರಿಸಬೇಡಿ.

ಮೂಳೆ ಮುರಿದಿದೆ. ಕ್ಯಾಲ್ಸಿಯಂ ಮಾತ್ರೆ ಎರಡು ಪಟ್ಟು ನುಂಗಿದರೆ ಬೇಗ ಕೂಡುತ್ತದಾ?

ಇಲ್ಲ. ದೊಡ್ಡವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕು. ಊಟದಲ್ಲಿ ಎಷ್ಟು ಬರುತ್ತದೆ ನೋಡಿ, ಕಡಿಮೆ ಬಿದ್ದದ್ದಕ್ಕೆ ಮಾತ್ರ ಮಾತ್ರೆ. ರಾಗಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 240. ಮುಳ್ಳು ಸಮೇತ ತಿನ್ನುವ ಸಣ್ಣ ಮೀನು, ಎಳ್ಳು ಕೂಡ ಒಳ್ಳೆಯದು. ಮಾತ್ರೆ ತಗೊಂಡರೆ ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಬೇಡಿ. ಕಬ್ಬಿಣದ ಮಾತ್ರೆ ಜೊತೆ ನುಂಗಬೇಡಿ. ಕ್ಯಾಲ್ಸಿಯಂ ಕಬ್ಬಿಣವನ್ನು ಸರಿಯಾಗಿ ಹೀರಲು ಬಿಡುವುದಿಲ್ಲ.

ಮೂಳೆಯೊಳಗೆ ಬರೀ ಕ್ಯಾಲ್ಸಿಯಂ ಇಲ್ಲ, ಪ್ರೋಟೀನಿನ ನಾರೂ ಇದೆ ಅನ್ನುವುದನ್ನು ಮರೆಯಬೇಡಿ. ಬೀಡಿ-ಸಿಗರೇಟು ಸೇದುವವರಿಗೆ ಮೂಳೆ ಕೂಡುವುದು ನಿಜವಾಗಿಯೂ ತಡ.

ಜೂನ್‌ನಿಂದ ಬಿಸಿಲೇ ಕಾಣುವುದಿಲ್ಲ. ವಿಟಮಿನ್ ಡಿ ಎಲ್ಲಿಂದ ತರುವುದು?

ಭಾಗಮಂಡಲ, ಮಡಿಕೇರಿ ಕಡೆಯವರು ಇದನ್ನು ಕೇಳಿದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಬಿಸಿಲಿರುವ ಊರುಗಳಲ್ಲೇ ನಮ್ಮ ದೇಶದ ಜನರಿಗೆ ವಿಟಮಿನ್ ಡಿ ಕೊರತೆ ಸಾಮಾನ್ಯ. ಇಲ್ಲಿ ಮಳೆಗಾಲ ನಾಲ್ಕು ತಿಂಗಳು, ಮೈ ತುಂಬ ಸ್ವೆಟರ್. ಮೊಟ್ಟೆಯ ಹಳದಿ, ಮತ್ತಿ-ಬಂಗುಡೆಯಲ್ಲಿ ಸ್ವಲ್ಪ ಸಿಗುತ್ತದೆ, ಸಾಕಾಗುವಷ್ಟಲ್ಲ.

ಮೂಳೆ ಮುರಿದಿದ್ದರೆ ಅಥವಾ ಪದೇ ಪದೇ ಬಿರುಕು ಬಿಡುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಡಾಕ್ಟರ್ ಸಾಮಾನ್ಯವಾಗಿ 60,000 ಯೂನಿಟ್‌ನ ಕ್ಯಾಪ್ಸೂಲ್ ಅಥವಾ ಪುಡಿ ಬರೆಯುತ್ತಾರೆ. ಅದು ವಾರಕ್ಕೆ ಒಂದು. ದಯವಿಟ್ಟು ಇನ್ನೊಮ್ಮೆ ಓದಿ: ವಾರಕ್ಕೆ ಒಂದು, ದಿನಕ್ಕೆ ಒಂದಲ್ಲ. ದಿನಾ ನುಂಗಿ ವಾಂತಿ, ಮಲಬದ್ಧತೆ, ಕೊನೆಗೆ ಕಿಡ್ನಿ ತೊಂದರೆವರೆಗೆ ಹೋದವರಿದ್ದಾರೆ. ಈ ವಿಟಮಿನ್ ಜಾಸ್ತಿಯಾದರೆ ಮೂತ್ರದಲ್ಲಿ ಸುಲಭವಾಗಿ ಹೊರಗೆ ಹೋಗುವುದಿಲ್ಲ, ಮೈಯಲ್ಲೇ ಉಳಿಯುತ್ತದೆ.

ಕ್ರಿಯಾಟಿನ್ ಸ್ಟೆರಾಯ್ಡಾ?

ಅಲ್ಲ. ಮಾಂಸ, ಮೀನಿನಲ್ಲಿ ಸಹಜವಾಗಿ ಇರುವ ವಸ್ತು. ಆಟಗಾರರಿಗೆ ನಿಷೇಧಿಸಿದ ವಸ್ತುಗಳ ಪಟ್ಟಿಯಲ್ಲೂ ಇಲ್ಲ. ಪೂರಕಗಳಲ್ಲಿ (ಸಪ್ಲಿಮೆಂಟ್) ಹೆಚ್ಚು ಪರೀಕ್ಷೆಗೆ ಒಳಗಾದದ್ದೂ ಇದೇ. ಎರಡು ವಾರ ಕಾಲಿಗೆ ಪ್ಲಾಸ್ಟರ್ ಹಾಕಿ, ಆಮೇಲೆ 10 ವಾರ ವ್ಯಾಯಾಮ ಮಾಡಿಸಿದ ಒಂದು ಅಧ್ಯಯನದಲ್ಲಿ ಕ್ರಿಯಾಟಿನ್ ತಗೊಂಡವರ ಮಾಂಸಖಂಡ ಬೇಗ ವಾಪಸ್ ಬಂತು. ಅಂದರೆ ಅದರ ಕೆಲಸ ಇರುವುದು ಪ್ಲಾಸ್ಟರ್ ಬಿಚ್ಚಿ ವ್ಯಾಯಾಮ ಶುರುವಾದ ಮೇಲೆ. ದಿನಕ್ಕೆ 3-5 ಗ್ರಾಂ ಸಾಕು. ಮಾಂಸ ತಿನ್ನದವರಿಗೆ ಗುಣ ಹೆಚ್ಚು ಕಾಣುತ್ತದೆ. ಶುರುವಿನಲ್ಲಿ ಒಂದು ಕಿಲೋ ತೂಕ ಏರಬಹುದು, ಅದು ನೀರು. ಕಿಡ್ನಿ ಕಾಯಿಲೆ ಇರುವವರಿಗೆ ಬೇಡ.

ಅರಿಶಿನ, ಕಾಳುಮೆಣಸು ಹಾಕಿದ ಹಾಲು ಊತ ಇಳಿಸುತ್ತದಾ?

ಕುಡಿಯಿರಿ. ಹಾಲಿನ ಪ್ರೋಟೀನ್ ಅಂತೂ ಸಿಕ್ಕೇ ಸಿಗುತ್ತದೆ. ಅರಿಶಿನದ ಕರ್ಕುಮಿನ್ ಮೈಗೆ ಹತ್ತುವುದು ಬಹಳ ಕಡಿಮೆ. ಮೆಣಸಿನ ಪೈಪರಿನ್ ಜೊತೆ ಸೇರಿದರೆ ಜಾಸ್ತಿ ಹತ್ತುತ್ತದೆ. ನಮ್ಮ ತೋಟದ ಮೆಣಸು ಇಲ್ಲಿ ನಿಜವಾಗಿ ಕೆಲಸ ಮಾಡುತ್ತದೆ. ಆದರೆ ಒಂದು ಲೋಟ ಹಾಲಿಗೆ ಬೀಳುವ ಅರಿಶಿನದಿಂದ ದೊಡ್ಡ ಊತ ಇಳಿಯುವುದಿಲ್ಲ. ಹೆಚ್ಚು ಶಕ್ತಿಯ ಕರ್ಕುಮಿನ್ ಮಾತ್ರೆ ಬೇರೆ ವಿಷಯ. ಅದರಿಂದ ಲಿವರ್ ಊದಿಕೊಂಡ ಪ್ರಕರಣಗಳಿವೆ. ರಕ್ತ ತೆಳುವಾಗಿಸುವ ಔಷಧಿ ತಗೊಳ್ಳುವವರು ದೂರ ಇರಿ.

ಮೀನೆಣ್ಣೆ ಕ್ಯಾಪ್ಸೂಲ್?

ವಾರಕ್ಕೆ ಎರಡು-ಮೂರು ಸಲ ಮತ್ತಿ ಮೀನು ತಿನ್ನುವವರಿಗೆ ಬೇಡ.

ಕಾಫಿ ಬಿಡಬೇಕಾ?

ಕೊಡಗಿನವಳಾಗಿ ಕಾಫಿ ಬಿಡಿ ಅಂತ ಹೇಳಲಾರೆ, ಹೇಳುವ ಅಗತ್ಯವೂ ಇಲ್ಲ. ಊಟದ ಜೊತೆ ಮಾತ್ರ ಬೇಡ. ಕಾಫಿ, ಟೀ ಎರಡೂ ಊಟದಲ್ಲಿರುವ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಊಟಕ್ಕೂ ಕಾಫಿಗೂ ಒಂದು ಗಂಟೆ ಅಂತರ ಇಡಿ. ಸಂಜೆ ಮೇಲೆ ಕುಡಿಯಬೇಡಿ, ಗಾಯ ಮಾಯಲು ನಿದ್ದೆ ಬೇಕು.

ಕಕ್ಕಡ ಪದಿನೆಟ್ಟಿನ ಮದ್ದು ಪಾಯಸ ಪೆಟ್ಟಿಗೆ ಒಳ್ಳೆಯದಾ?

ಕಕ್ಕಡ ಪದಿನೆಟ್ಟು ಅಂದರೆ ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನದ ಹಬ್ಬ. ಆಗಸ್ಟ್ 3ರ ಹೊತ್ತಿಗೆ ಪೆಟ್ಟಾಗಿ ಮಲಗಿದವರು ಕೇಳಿಯೇ ಕೇಳುತ್ತಾರೆ. ಮದ್ದು ಸೊಪ್ಪಿನ ರಸ ನೇರಳೆ ಬಣ್ಣಕ್ಕೆ ತಿರುಗುತ್ತದಲ್ಲ, ಅದರಲ್ಲಿ ಒಳ್ಳೆಯ ಅಂಶಗಳಿವೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಹರಿದ ಲಿಗಮೆಂಟ್ ಕೂಡಿಸುತ್ತದೆ ಅನ್ನಲು ಆಧಾರ ಇಲ್ಲ. ಹಬ್ಬದ ಪಾಯಸ, ಖುಷಿಯಾಗಿ ತಿನ್ನಿ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲದ ಮೇಲೆ ಕಣ್ಣಿರಲಿ.

ಒಂದು ಮಾತು ನೆನಪಿರಲಿ. ಇದನ್ನು ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ, ಅದು ಸಹಜ. ಆದರೆ ಮದ್ದು ತಿನ್ನದೆ, ವಿಪರೀತ ಓಟ ಓಡಿದ ಮೇಲೆ ಅಥವಾ ಮೈ ಜಜ್ಜಿಹೋದ ಮೇಲೆ ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮಾಂಸಖಂಡ ಒಡೆದು ಕಿಡ್ನಿಗೆ ಹೊರೆಯಾಗುತ್ತಿರುವ ಲಕ್ಷಣ ಅದು.

ಪೆಟ್ಟಾದ ರಾತ್ರಿ ನೋವಿಗೆ ಒಂದೆರಡು ಪೆಗ್ ಹಾಕಬಹುದಾ?

ನಮ್ಮಲ್ಲಿ ಮದುವೆ, ಹಬ್ಬ, ಸಾವು, ಮ್ಯಾಚ್ ಎಲ್ಲದಕ್ಕೂ ಬಾಟಲಿ ಇರುತ್ತದೆ, ಗೊತ್ತು. ನಿಮ್ಮ ಸಂಪ್ರದಾಯಕ್ಕೆ ನಾನು ಅಡ್ಡ ಬರುತ್ತಿಲ್ಲ. ಆದರೆ ಪೆಟ್ಟಾದ ಮೊದಲ ಮೂರು ದಿನ ಒಂದು ಹನಿಯೂ ಬೇಡ. ಊತ, ಒಳಗಿನ ರಕ್ತಸ್ರಾವ ಜಾಸ್ತಿಯಾಗಬಹುದು. ವ್ಯಾಯಾಮದ ನಂತರ ಪ್ರೋಟೀನ್ ಜೊತೆ ಚೆನ್ನಾಗಿ ಕುಡಿಸಿ ನೋಡಿದ ಅಧ್ಯಯನದಲ್ಲಿ, ಮಾಂಸಖಂಡ ಕಟ್ಟುವ ಕೆಲಸ 24% ಇಳಿದಿತ್ತು. ತಿಂದ ಪ್ರೋಟೀನಿನ ಕಾಲು ಭಾಗದ ಲಾಭ ಹಾಗೇ ಹೋಯಿತು ಅಂತ ಲೆಕ್ಕ ಹಾಕಿ. ನೋವಿನ ಮಾತ್ರೆ ನುಂಗಿದ ದಿನ ಕುಡಿದರೆ ಹೊಟ್ಟೆಯಲ್ಲಿ ರಕ್ತಸ್ರಾವ, ಲಿವರ್ ಹಾನಿ ಆಗಬಹುದು. ತಲೆಗೆ ಪೆಟ್ಟಾಗಿದ್ದರಂತೂ ಕುಡಿಯಲೇಬಾರದು. ವಾಂತಿ, ಮಂಪರು ಬಂದರೆ ಅದು ಮದ್ಯದಿಂದಲೋ ಮೆದುಳಿನ ಪೆಟ್ಟಿನಿಂದಲೋ ಯಾರಿಗೂ ತಿಳಿಯುವುದಿಲ್ಲ.

ಕೆಸರುಗದ್ದೆ ಓಟದಲ್ಲಿ ಕಾಲು ಸೀಳಿದೆ. ಏನು ತಿಂದರೆ ಬೇಗ ಮುಚ್ಚುತ್ತದೆ?

ತಿನ್ನುವುದಕ್ಕಿಂತ ಮೊದಲು ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯಿರಿ, ಟಿಟನಸ್ ಚುಚ್ಚುಮದ್ದು ಹಾಕಿಸಿ. ಗದ್ದೆ ಮಣ್ಣಿನ ಗಾಯವನ್ನು ಸಣ್ಣದು ಅನ್ನಬೇಡಿ. ಊಟದಲ್ಲಿ ಪ್ರೋಟೀನ್, ನೆಲ್ಲಿಕಾಯಿ ಅಥವಾ ಪೇರಳೆ, ಮಾಂಸ, ಏಡಿ, ಎಳ್ಳು. ಮಳೆಗಾಲದ ಗದ್ದೆ ಏಡಿಯಲ್ಲಿ ಸತು ಚೆನ್ನಾಗಿದೆ. ಸತುವಿನ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ತಾಮ್ರದ ಕೊರತೆ ಬರುತ್ತದೆ, ಅದು ಬೇಡ.

ಮಗ ಕೂಡಿಗೆ ಕ್ರೀಡಾ ಶಾಲೆಯಲ್ಲಿದ್ದಾನೆ, 14 ವರ್ಷ. ಏನಾದರೂ ಡಬ್ಬಿ ಕಳಿಸಲಾ?

ಪೂರಕದ ಡಬ್ಬಿ ಬೇಡ. ಹುರಿದ ಕಡಲೆಕಾಯಿ ಬೀಜ, ಎಳ್ಳುಂಡೆ, ಹಾಲಿನ ಪುಡಿ ಕಳಿಸಿ.

ಮಗಳು ಓಟಗಾರ್ತಿ. ಕಾಲಿನ ಮೂಳೆಯಲ್ಲಿ ಎರಡನೇ ಸಲ ಬಿರುಕು. ಕ್ಯಾಲ್ಸಿಯಂ ಕೊಡುತ್ತಿದ್ದೇವೆ.

ಅವಳ ಮುಟ್ಟು ಸರಿಯಾಗಿ ಆಗುತ್ತಿದೆಯಾ ಅಂತ ಮೊದಲು ಕೇಳಿ. ಅಮ್ಮಂದಿರು ಇದನ್ನು ಮೆಲ್ಲಗೆ, ಬೈಯದೆ ಕೇಳಬೇಕು. ಓಡುವುದು ಜಾಸ್ತಿ, ತಿನ್ನುವುದು ಕಡಿಮೆ ಆದಾಗ ದೇಹ ಖರ್ಚು ಉಳಿಸಲು ಮುಟ್ಟನ್ನೇ ನಿಲ್ಲಿಸುತ್ತದೆ. ಆಗ ಮೂಳೆ ಕಾಯುವ ಈಸ್ಟ್ರೋಜನ್ ಹಾರ್ಮೋನ್ ಇಳಿಯುತ್ತದೆ, ಮೂಳೆ ಸವೆಯುತ್ತದೆ. 'ಮುಟ್ಟು ನಿಂತಿದೆ, ಒಳ್ಳೆಯದೇ ಆಯ್ತು, ಮ್ಯಾಚ್ ದಿನ ತೊಂದರೆ ಇಲ್ಲ' ಅಂದುಕೊಂಡ ಹುಡುಗಿಯರು ನನ್ನ ಹತ್ತಿರ ಬಂದಿದ್ದಾರೆ. ಅವರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅದೇ ನನಗೆ ಸಂಕಟ. ಮೂರು ತಿಂಗಳು ಮುಟ್ಟಾಗದಿದ್ದರೆ ಡಾಕ್ಟರ್ ಬಳಿ ಕರೆದೊಯ್ಯಿರಿ. ಮಾತ್ರೆಯಿಂದ ಇದು ಸರಿಹೋಗುವುದಿಲ್ಲ. ಹೊಟ್ಟೆ ತುಂಬ ಊಟ ಬೇಕು, ಅನ್ನವೂ ಸೇರಿ. ಹಿಮೊಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಕೂಡ ನೋಡಿಸಿ.

ನನಗೆ 58 ವರ್ಷ, ಕುಟುಂಬದ ತಂಡದಲ್ಲಿ ಆಡಿ ಮೀನಖಂಡ ಹರಿದುಕೊಂಡೆ. ಶುಗರ್ ಇದೆ.

1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೌಟುಂಬಿಕ ಹಾಕಿ ಶುರು ಮಾಡಿದಾಗಿನಿಂದ ಅಜ್ಜ-ಮೊಮ್ಮಗ ಒಂದೇ ತಂಡದಲ್ಲಿ ಆಡುವುದು ನಮ್ಮ ಹೆಮ್ಮೆ. ಆದರೆ ವಯಸ್ಸಾದ ಮಾಂಸಖಂಡಕ್ಕೆ ಒಂದು ಸಲಕ್ಕೆ ಜಾಸ್ತಿ ಪ್ರೋಟೀನ್ ಬೇಕು. 20 ಗ್ರಾಂಗೆ ಓಗೊಡದ್ದು 35 ಗ್ರಾಂಗೆ ಓಗೊಡುತ್ತದೆ. ಕಿಡ್ನಿ ಸರಿ ಇದೆಯಾ ಅಂತ ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಸಕ್ಕರೆ ಏರಿದ್ದರೆ ಗಾಯ ಮಾಯುವುದು ತಡ, ಹಾಗಾಗಿ ಅನ್ನ, ಒಟ್ಟಿ ಕಡಿಮೆ ಮಾಡಿ ಆ ಜಾಗಕ್ಕೆ ಮೀನು, ಕಾಳು ತನ್ನಿ. ಮುಂದಿನ ವರ್ಷ ಆಡುವ ಮುಂಚೆ ಎರಡು ತಿಂಗಳು ಕಾಲಿನ ವ್ಯಾಯಾಮ ಮಾಡಿ.

ರಾಜ್ಯ ತಂಡದ ಶಿಬಿರಕ್ಕೆ ಹೋಗಬೇಕು. 'ಬೇಗ ಗುಣ ಮಾಡುವ' ಇಂಜೆಕ್ಷನ್, ಪುಡಿ ಕೊಡುತ್ತೇವೆ ಅಂತಾರೆ.

ದಯವಿಟ್ಟು ನಿಲ್ಲಿ. ಇದನ್ನು ಪೂರ್ತಿ ಓದಿ.

ಡೋಪಿಂಗ್ (ನಿಷೇಧಿತ ಮದ್ದು ಸೇವನೆ) ನಿಯಮದಲ್ಲಿ 'ನನಗೆ ಗೊತ್ತಿರಲಿಲ್ಲ' ಅನ್ನುವ ಮಾತಿಗೆ ಬೆಲೆ ಇಲ್ಲ. ನಿಮ್ಮ ಮೈಯಲ್ಲಿ ಏನು ಸಿಕ್ಕಿತೋ ಅದಕ್ಕೆ ನೀವೇ ಹೊಣೆ. 2011ರಲ್ಲಿ ನಮ್ಮ ದೇಶದ ರಿಲೇ ಓಟಗಾರ್ತಿಯರು ಸಿಕ್ಕಿಬಿದ್ದಾಗ, ವಿದೇಶದಿಂದ ತಂದ ಜಿನ್ಸೆಂಗ್ ಪೂರಕದಲ್ಲಿ ಸ್ಟೆರಾಯ್ಡ್ ಬೆರೆತಿತ್ತು ಎಂದು ವಾದಿಸಿದ್ದರು. ಆದರೂ ನಿಷೇಧ ತಪ್ಪಲಿಲ್ಲ.

ಪೆಟ್ಟಿಗೆ ಸಂಬಂಧಪಟ್ಟ ಮೂರು ಸಂಗತಿ ನಮ್ಮ ಹುಡುಗರಿಗೆ ಗೊತ್ತಿರಬೇಕು. ಬಿಪಿಸಿ-157 ಎಂಬ ಪೆಪ್ಟೈಡ್ ಇಂಜೆಕ್ಷನ್ 'ಲಿಗಮೆಂಟ್ ಬೇಗ ಕೂಡಿಸುತ್ತದೆ' ಅಂತ ಇಂಟರ್ನೆಟ್‌ನಲ್ಲಿ ಮಾರುತ್ತಾರೆ. ಅದು 2022ರಿಂದ ನಿಷೇಧಿತ, ಮನುಷ್ಯರ ಚಿಕಿತ್ಸೆಗೆ ಒಪ್ಪಿಗೆಯೂ ಪಡೆದಿಲ್ಲ. ಕೀಲಿಗೆ ಹಾಕುವ ಸ್ಟೆರಾಯ್ಡ್ ಇಂಜೆಕ್ಷನ್ ಕೂಡ 2022ರಿಂದ ಸ್ಪರ್ಧೆಯ ಸಮಯದಲ್ಲಿ ನಿಷೇಧ. ಅದನ್ನು ಹಾಕಿಸಿಕೊಂಡರೆ ಎಷ್ಟು ದಿನ ಬಿಟ್ಟು ಆಡಬಹುದು ಅಂತ ಮೊದಲೇ ಕೇಳಿ, ಚೀಟಿ ಜೋಪಾನವಾಗಿಡಿ. ಟ್ರಾಮಡಾಲ್ ಎಂಬ ನೋವಿನ ಮಾತ್ರೆ 2024ರ ಜನವರಿಯಿಂದ ಸ್ಪರ್ಧೆಯಲ್ಲಿ ನಿಷೇಧ.

ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಬದಲಾಗುತ್ತದೆ. ಯಾವ ಮಾತ್ರೆ ನುಂಗುವ ಮುಂಚೆಯೂ ಡೋಪಿಂಗ್ ತಡೆಯುವ ರಾಷ್ಟ್ರೀಯ ಸಂಸ್ಥೆ ನಾಡಾದಲ್ಲಿ ವಿಚಾರಿಸಿ. ಪೂರಕ ಬೇಕೇ ಬೇಕಾದರೆ ಬ್ಯಾಚ್ ಬ್ಯಾಚಾಗಿ ಪರೀಕ್ಷಿಸಿದ 'ಇನ್ಫಾರ್ಮ್ಡ್ ಸ್ಪೋರ್ಟ್' ಗುರುತು ನೋಡಿ ತಗೊಳ್ಳಿ. ಎಫ್‌ಎಸ್‌ಎಸ್‌ಎಐ ನಂಬರ್ ಇರಲೇಬೇಕು, ಆದರೆ ಅದು ಆಹಾರದ ಪರವಾನಗಿ. ಡೋಪಿಂಗ್ ವಸ್ತು ಇಲ್ಲ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ. ಜಿಮ್ಮಿನಲ್ಲಿ ಡಬ್ಬಿ ಒಡೆದು ಕವರಿಗೆ ಸುರಿದು ಕೊಡುವ ಪುಡಿ ಮುಟ್ಟಬೇಡಿ. ನನ್ನ ಜೊತೆ ಆಡುತ್ತಿದ್ದ ಹುಡುಗಿಗೆ ಒಂದು ಜಿಮ್ಮಿನಲ್ಲಿ ಹೆಸರಿಲ್ಲದ ಪುಡಿ ಕೊಟ್ಟಿದ್ದರು. ಮೂರು ವಾರದಲ್ಲಿ ಅವಳ ಮುಖದ ತುಂಬ ಮೊಡವೆ, ಧ್ವನಿ ಗಡಸು. ಅದರೊಳಗೆ ಏನಿತ್ತು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ.

ನಾಳೆ ಆಪರೇಷನ್. ಏನಾದರೂ ನಿಲ್ಲಿಸಬೇಕಾ?

ನುಂಗುತ್ತಿರುವ ಎಲ್ಲವನ್ನೂ ಡಾಕ್ಟರಿಗೆ ಹೇಳಿ. ಮೀನೆಣ್ಣೆ, ಕರ್ಕುಮಿನ್, ಬೆಳ್ಳುಳ್ಳಿ ಮಾತ್ರೆ, ಜಿನ್ಸೆಂಗ್, ಕಷಾಯ, ನಾಟಿ ಮದ್ದು, ಯಾವುದನ್ನೂ ಮುಚ್ಚಿಡಬೇಡಿ. ಕೆಲವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ.

ಯಾವಾಗ ವಾಪಸ್ ಆಡಬಹುದು? ಚೆನ್ನಾಗಿ ತಿಂದರೆ ಅರ್ಧದಷ್ಟು ದಿನಗಳಲ್ಲೇ ಗುಣ ಆಗುತ್ತದಾ?

ಆಗುವುದಿಲ್ಲ. ಊಟ ಗಡಿಯಾರವನ್ನು ಓಡಿಸುವುದಿಲ್ಲ. ಸರಿಯಾಗಿ ತಿನ್ನದಿದ್ದರೆ ಮಾತ್ರ ಗಡಿಯಾರ ನಿಧಾನ ಆಗುತ್ತದೆ. ಸಣ್ಣ ಉಳುಕಿಗೆ ಎರಡು-ಮೂರು ವಾರ, ಮೂಳೆಗೆ ಒಂದೂವರೆ-ಎರಡು ತಿಂಗಳು ಅಥವಾ ಇನ್ನೂ ಹೆಚ್ಚು. ಮೊಣಕಾಲಿನ ಎಸಿಎಲ್ ಎಂಬ ಲಿಗಮೆಂಟಿನ ಆಪರೇಷನ್ ಆದವರು 9 ತಿಂಗಳಿಗಿಂತ ಮೊದಲು ಆಟಕ್ಕಿಳಿದರೆ ಮತ್ತೆ ಪೆಟ್ಟಾಗುವ ಅಪಾಯ ಬಹಳ ಜಾಸ್ತಿ. ನಾನು ಏಳನೇ ತಿಂಗಳಿಗೆ ಸ್ಟಿಕ್ ಹಿಡಿದು ಟರ್ಫ್ ಅಂಚಿಗೆ ಹೋಗಿ ನಿಂತಿದ್ದೆ. ಕೋಚ್ ನೋಡಿ, ಏನೂ ಮಾತಾಡದೆ ಸ್ಟಿಕ್ ತಗೊಂಡು, ಕೈಗೆ ಸ್ಕೋರ್ ಬರೆಯುವ ಪುಸ್ತಕ ಕೊಟ್ಟರು. ಇನ್ನೂ ಮೂರು ತಿಂಗಳು ಸ್ಕೋರ್ ಬರೆದೆ, ಅವ್ವ ದಿನಾ ಕಟ್ಟಿಕೊಡುತ್ತಿದ್ದ ಮೊಟ್ಟೆ ತಿಂದೆ.